ಎಂಟಾಗದ ಮೂರು

ಕುತಾಯಿಸಿಯ ಕಣ್ಣಾಸ್ಪತ್ರೆಯವರು
ಹಳೆಯ ಚೀಟಿಯನ್ನೇ ತಂದು ಮೇಜಿನ ಮೇಲಿಟ್ಟರು:
ಕಣ್ಣಿಗೆ ಹನಿ ಬಿಟ್ಟುಕೊಳ್ಳುವ ಕ್ರಮ,
ಏಳು ಪಾಯಿಂಟಿನ ಅಕ್ಷರ, ಎರಡೂ ಮಗ್ಗುಲು ಭರ್ತಿ.
ಕಣ್ಣು ಚೆನ್ನಾಗಿರುವವರಿಗೆ ಮಾತ್ರ ಕಾಣುವ
ಕಣ್ಣಿನ ಮದ್ದು.
"ಸ್ವಲ್ಪ ದೊಡ್ಡದು ಮಾಡು ನೋದರ್, ಅಷ್ಟೇ ಸಾಕು."

ಅಷ್ಟೇ ಸಾಕೆಂದು ನಾನೂ ತಿಳಿದೆ.
ಇಪ್ಪತ್ತಾರು ವರ್ಷದ ಅಚ್ಚಿನ ಮನೆ ನನ್ನದು;
ಮದುವೆಯ ಕರೆಯೋಲೆ, ವೈನ್ ಬಾಟಲಿಯ ಚೀಟಿ,
ಬೂದು ಕಾಗದದ ಮೇಲೆ ಬೆಳ್ಳಿಯ ಸಣ್ಣಕ್ಷರ.
ಅದಕ್ಕೊಮ್ಮೆ ಬಹುಮಾನವೂ ಬಂದಿತ್ತು.
ಗೋಡೆಯ ಮೇಲಿದೆ.

ಮೇಲಿನ ಮಹಡಿಯ ಝುಝುನಾಗೆ ಒಯ್ದು ತೋರಿಸಿದೆ,
ರಂಗಮಂದಿರಕ್ಕೆ ಉಡುಪು ಹೊಲಿಯುತ್ತಿದ್ದಾಕೆ.
ಈಗ ಆಕೆಯ ನೋಟದ ನಟ್ಟನಡುವೆ ಒಂದು ತೂತು.
ಎದುರಿಗೆ ನಿಂತರೆ ಮುಖವಿಲ್ಲ, ಕಿವಿಯಿದೆ;
ಗಡಿಯಾರಕ್ಕೆ ಅಂಚಿದೆ, ಮುಳ್ಳಿಲ್ಲ.
ಓದಬೇಕಾದರೆ ಹಾಳೆಯನ್ನು ಬಿಟ್ಟು
ಒಲೆಯ ಮೇಲಿನ ಕೆಟಲನ್ನು ನೋಡುತ್ತಾಳೆ.
ಆಗ ಓರೆಗಣ್ಣಿನ ಅಂಗಳಕ್ಕೆ
ಅಕ್ಷರಗಳು ಒಂದೊಂದಾಗಿ ಬರುತ್ತವೆ, ಬೆಕ್ಕಿನಂತೆ,
ಕರೆಯದಿದ್ದರೆ ಮಾತ್ರ.

"ಕನ್ನಡಿ ಕೊಟ್ಟಿದ್ದೀಯಲ್ಲೋ" ಎಂದಳು.
ನಾನು ಆರಿಸಿದ್ದ ಹೊಳಪಿನ ಕಾಗದದಲ್ಲಿ
ಆಕೆಗೆ ಕಂಡದ್ದು ದೀಪ, ದೀಪ, ಇನ್ನೂ ಒಂದು ದೀಪ.

ಮರುದಿನ ಮಂಕು ಕಾಗದ, ತುಸು ಕೆನೆಬಣ್ಣ.
"ಶಾಯಿ ಯಾಕೆ ಉಪವಾಸ?"
ಬೂದಿಯನ್ನು ಕಪ್ಪು ಮಾಡಿದೆ.
"ಬಟ್ಟೆ ಸಾಲದೆ ಎರಡು ತುದಿಗೂ ಎಳೆದು ಹೊಲಿದಿದ್ದೀಯ,
ಪಿಸಿದಿದೆ ನೋಡು, ಇಲ್ಲಿ, ಇಲ್ಲಿ."
ಬೆರಳಿಟ್ಟು ತೋರಿಸಿದಳು ಪದ ಪದದ ನಡುವಿನ ಬಿರುಕು.
ಅದನ್ನೇ ನಾನು ಅಂದವೆಂದುಕೊಂಡಿದ್ದೆ.
ಬಲದಂಚನ್ನು ಸಡಿಲ ಬಿಟ್ಟೆ,
ಎಡದಂಚು ಮಾತ್ರ ನೆಟ್ಟಗೆ,
ಸಾಲು ಮುಗಿಸಿ ಮರಳುವ ಕಣ್ಣಿಗೆ
ಮೆಟ್ಟಿಲ ಕೈಗಂಬಿಯಂತೆ.

ನಮ್ಮ ಲಿಪಿ ದ್ರಾಕ್ಷಿಬಳ್ಳಿಯ ಕುಡಿ ಎನ್ನುತ್ತಾರೆ ಪ್ರವಾಸಿಗಳು.
ಬಳ್ಳಿಗೇನು, ಹೆಣೆದುಕೊಂಡರೂ ಚೆಂದ;
ಝುಝುನಾಗೆ ಅದು ಬರೀ ಪೊದೆ.
ವಾಕ್ಯದ ತಲೆಗೆ ದೊಡ್ಡಕ್ಷರದ ಟೋಪಿಯೂ ಇಲ್ಲ ನಮ್ಮಲ್ಲಿ.
ಎಲ್ಲಿ ಮುಗಿಯಿತು, ಎಲ್ಲಿ ಶುರು,
ಒಂದು ಚುಕ್ಕೆಯ ಮೇಲೆ ಎಲ್ಲ ಭಾರ.
ಚುಕ್ಕೆಗೆ ಊಟ ಹಾಕಿದೆ,
ಪಕ್ಕದಲ್ಲಿ ಕೂರಲು ಜಾಗ ಕೊಟ್ಟೆ.

ಆಮೇಲೆ ಅಂಕಿ.
"ದಿನಕ್ಕೆ 8 ಸಲ ಅಲ್ಲವೇ?"
ಅಲ್ಲ, 3.
ಇಬ್ಬರೂ ಸುಮ್ಮನಾದೆವು.
ಆಕೆಯ ಕಪಾಟಿನಲ್ಲಿ ಅದೇ ಹಳೆಯ ಚೀಟಿ,
ಪಕ್ಕದಲ್ಲಿ ಬೇಗ ಬೇಗ ಬರಿದಾದ
ಪುಟ್ಟ ಬಾಟಲಿಗಳ ಸಾಲು.

ಆ ರಾತ್ರಿ 3ರ ಬಾಯನ್ನು ಅಗಲಿಸುತ್ತ ಕೂತೆ.
ತೆರೆದೇ ಇರು, ಏನಾದರೂ ಸರಿ, ಮುಚ್ಚಬೇಡ.
ಆಮೇಲೂ ನಂಬಿಕೆ ಸಾಲದೆ
'ಮೂರು' ಎಂದು ಅಕ್ಷರದಲ್ಲೂ ಬರೆದೆ.

ಒಂದು ಹಾಳೆ ಎಂಟಾಯಿತು.
ಆಸ್ಪತ್ರೆಯ ಲೆಕ್ಕದವರು ಫೋನಿನಲ್ಲಿ ಕೆಮ್ಮಿದರು.
ಜಾಗಕ್ಕೂ ದುಡ್ಡೇ ಎಂದರು,
ಬಿಳಿಯನ್ನು ತೂಗಿ ಮಾರುತ್ತೀಯೇನು ಎಂದರು.

ಎರಡು ಸಾವಿರ ಪ್ರತಿ ಕೆಳಗೆ ಒಣಗುತ್ತಿರಲು
ಒಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.
ಝುಝುನಾ ಕೆಟಲನ್ನು ನೋಡುತ್ತ ಓದಿದಳು,
ಮೊದಲಿನಿಂದ ಕೊನೆಯವರೆಗೆ, ಗಟ್ಟಿಯಾಗಿ,
ಹೊಲಿಗೆಯಂತ್ರದ ನಿಧಾನದಲ್ಲಿ.
ಐದನೆಯ ಪುಟದಲ್ಲಿ ನಿಂತಳು.
"ಇಲ್ಲೊಂದು ಅಕ್ಷರ ಬಿಟ್ಟಿದ್ದೀಯ."

ಹಳೆಯ ಚೀಟಿಗೆ ಭೂತಗನ್ನಡಿ ಹಿಡಿದೆ.
ಅಲ್ಲೂ ಅದೇ ತಪ್ಪು.
ಹನ್ನೊಂದು ವರ್ಷ, ಚಳಿಗಾಲಕ್ಕೊಮ್ಮೆ ಮರುಮುದ್ರಣ.
ಬರೆದವರು ಓದಿಲ್ಲ, ಹಂಚಿದವರು ಓದಿಲ್ಲ,
ಅಚ್ಚು ಹಾಕಿದವನೂ ಓದಿಲ್ಲ:
ಕೆಳಗಂಚಿನಲ್ಲಿ, ಇರುವೆಗಿಂತ ಸಣ್ಣದಾಗಿ,
ನನ್ನದೇ ಅಚ್ಚಿನ ಮನೆಯ ಹೆಸರು.

ಕತ್ತು ಬಗ್ಗಿಸಿ ನಿಂತೆ.
ಝುಝುನಾ ಕೆಟಲಿನ ಕಡೆಗೇ ತಿರುಗಿ ನಕ್ಕಳು.
ಆಕೆ ನೋಡುತ್ತಿದ್ದದ್ದು ನನ್ನನ್ನೇ ಎಂದು
ತಿಳಿಯುವಷ್ಟು ಓದು
ಅಷ್ಟರಲ್ಲಿ ನನಗೂ ಬಂದಿತ್ತು.